ದರ್ಜಿ ಗೆದ್ದ ಆಟ

ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದ ಯುವಕನಿಗೆ ಮೊಬೈಲಿನಲ್ಲಿ ಲಕ್ಷಗಟ್ಟಲೆ ಅಭಿಮಾನಿಗಳು. ಎಲ್ಲರೂ ಕರೆಯುವುದು ಲಕ್ಕಿ ಎಂದು. ಮೊಬೈಲ್ ಜೂಜಿನ ರುಚಿ ಹತ್ತಿಸುವುದೇ ಅವನ ದಂಧೆ. ದರ್ಜಿಗೆ ಅದು ಗೊತ್ತಿರಲಿಲ್ಲ.

"ಅಣ್ಣಾ, ಒಂದ್ಸಲ 'ಗೆದ್ದೆ, ಗೆದ್ದೆ' ಅಂತ ಕುಣೀರಿ. ಸುಮ್ನೆ ತಮಾಷೆಗೆ ಒಂದು ವಿಡಿಯೋ."

ಕೇಳಿದವರಿಗೆ ಇಲ್ಲವೆನ್ನುವ ಜಾಯಮಾನ ದರ್ಜಿಯದಲ್ಲ. ಕೊರಳಲ್ಲಿದ್ದ ಟೇಪಿನ ಸಮೇತ, ಕಾದ ಹೆಂಚು ತುಳಿದವನಂತೆ ಕುಣಿದ.

ಮಧ್ಯಾಹ್ನದ ಹೊತ್ತಿಗೆ ಆ ಕುಣಿತ ಊರೆಲ್ಲ ಸುತ್ತಿತ್ತು. ಕೆಳಗೆ 'ಮೊಬೈಲ್ ಆಟ ಆಡಿ ದಿಢೀರ್ ಕೋಟ್ಯಧಿಪತಿಯಾದ ದರ್ಜಿ' ಎಂಬ ಸಾಲು ಬೇರೆ.

ಮೊದಲು ಬಂದವರು ಎದುರುಮನೆ ಮೇಷ್ಟ್ರು. ಹೊಲಿಯಲು ಕೊಟ್ಟಿದ್ದ ಕೋಟಿನ ಬಟ್ಟೆಯನ್ನು ವಾಪಸ್ ಎತ್ತಿಕೊಂಡರು. "ಕೋಟ್ಯಧಿಪತಿ ಕೈಲಿ ಗುಂಡಿ ಹಾಕಿಸ್ಕೊಳ್ಳೋ ಯೋಗ್ಯತೆ ನಮಗೆಲ್ಲಿದೆ ಸ್ವಾಮಿ?"

"ಅಯ್ಯೋ, ಅದು ಸುಳ್ಳು ಮೇಷ್ಟ್ರೇ!"

"ಇರ್ಲಿ ಬಿಡಿ. ದುಡ್ಡು ಬಂದೋರು ಮೊದ್ಲು ಅನ್ನೋದೇ ಅದು."

ಅವರ ಬೆನ್ನಿಗೇ ಹೆಂಡತಿಯ ತಮ್ಮ ಏದುಸಿರು ಬಿಡುತ್ತ ಬಂದ. "ಭಾವ, ಕೆಲ್ಸಕ್ಕೆ ರಾಜೀನಾಮೆ ಬಿಸಾಕಿ ಬಂದೆ. ಸ್ಕೂಟರ್ ಮಾರಿ ಎಲ್ಲಾ ಆ ಆಟಕ್ಕೇ ಹಾಕ್ತೀನಿ!"

ದರ್ಜಿ ಹೊಲಿಗೆ ಬಿಟ್ಟು ಎದ್ದ. ಭಾಮೈದನನ್ನು ಎದುರಿಗೆ ನಿಲ್ಲಿಸಿ, ಅವನ ಕೈಯಲ್ಲೇ ಇನ್ನೊಂದು ವಿಡಿಯೋ ಮಾಡಿಸಿದ.

"ನಾನು ಗೆದ್ದಿಲ್ಲ ಕಣ್ರಪ್ಪಾ. ಆ ಆಟ ಹೇಗಿದೆ ಅಂತಾನೂ ಗೊತ್ತಿಲ್ಲ. ಕೈ ಮುಗೀತೀನಿ, ಯಾರೂ ಆಡ್ಬೇಡಿ, ಮನೆ ಹಾಳಾಗುತ್ತೆ!" ಹೇಳುತ್ತ ಹೇಳುತ್ತ ಅವನಿಗೆ ಅಳುವೇ ಬಂದುಬಿಟ್ಟಿತು.

ಸಂಜೆ ಅಂಗಡಿ ಮುಂದೆ ಜನಜಂಗುಳಿ. ಅಂತೂ ಅರ್ಥವಾಯಿತಲ್ಲ ಎಂದು ದರ್ಜಿ ಹಗುರಾದ. ಇಣುಕಿ ನೋಡಿದರೆ ಎಲ್ಲರ ಮೊಬೈಲಿನಲ್ಲೂ ಅದೇ ಆಟ!

"ತಾನೊಬ್ನೇ ಬಾಚ್ಕೋಬೇಕು ಅಂತ ನಮಗೆ ಬೇಡ ಅಂತಾನೆ ನೋಡಿ," ಎಂದು ಮೇಷ್ಟ್ರು ಬಿಡಿಸಿ ಹೇಳುತ್ತಿದ್ದರು.

ಗುಂಪಿನೊಳಗಿಂದ ನುಗ್ಗಿ ಬಂದ ಲಕ್ಕಿ ದರ್ಜಿಯನ್ನು ತಬ್ಬಿಕೊಂಡ. "ಏನ್ ಅಳು ಅಣ್ಣಾ ಅದು! ಕುಣಿತಕ್ಕಿಂತ ಅಳು ನೋಡಿ ಆಟಕ್ಕೆ ಸೇರ್ಕೊಂಡೋರೇ ಜಾಸ್ತಿ. ಕಂಪನಿಯೋರು ದಿನಾ ಇಂಥದ್ದೊಂದು ವಿಡಿಯೋ ಬೇಕು ಅಂತಿದಾರೆ!"

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ಎತ್ತಿಕೊಂಡು ಗಂಟಲು ಹರಿಯುವಂತೆ ಕಿರುಚಿದ: "ತೊಲಗೋ ಇಲ್ಲಿಂದ! ಯಾರೂ ಆಡ್ಬೇಡ್ರೋ!"

"ಸಖತ್ ಭಾವ!" ಮೊಬೈಲಿನ ಹಿಂದಿನಿಂದ ಭಾಮೈದನ ದನಿ ಬಂತು. "ಕತ್ತರಿ ಸ್ವಲ್ಪ ಕೆಳಗೆ ಹಿಡ್ಕೊಂಡು ಇನ್ನೊಂದ್ಸಲ ಬೈರಿ. ಲಕ್ಕಿಯಣ್ಣ ನನ್ನನ್ನ ಕೆಲ್ಸಕ್ಕೆ ಇಟ್ಕೊಂಡಿದಾನೆ!"