ಕಾವಿಗೆ ಕೂತ ಅಂಚೆ ಕಚೇರಿ

ಮಾನ್ಯ ಪೋಸ್ಟ್ ಮಾಸ್ಟರ್ ಸಾಹೇಬರೇ,

ತಮ್ಮ ಕಚೇರಿಯಿಂದ ನಾಲ್ಕು ಅಂಗಡಿ ಆಚೆ ಗಡಿಯಾರ ರಿಪೇರಿ ಮಾಡಿಕೊಂಡಿರುವ ನಾನು ತಮಗೂ, ತಮ್ಮ ತೂಕದ ಯಂತ್ರಕ್ಕೂ, ನನಗೆ ತಿಳಿದಂದಿನಿಂದ ಹತ್ತೂಕಾಲನ್ನೇ ತೋರಿಸುತ್ತಿರುವ ತಮ್ಮ ಗೋಡೆ ಗಡಿಯಾರಕ್ಕೂ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತೇನೆ. ತಾವೆಲ್ಲ ಆರೋಗ್ಯವಾಗಿದ್ದೀರೆಂದೇ ನನ್ನ ನಂಬಿಕೆ. ಯಾವುದನ್ನೂ ಅವಸರದಲ್ಲಿ ಮಾಡದವರಿಗೆ ಆರೋಗ್ಯ ಕೆಡುವುದು ಅಪರೂಪ.

ನನ್ನ ಅಕ್ಕ ಹನ್ನೆರಡು ಕೋಳಿಮೊಟ್ಟೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಮರದ ಹೊಟ್ಟು ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನನಗೆ ಪಾರ್ಸೆಲ್ ಮಾಡಿದ್ದಳು. ಅವು ತಿನ್ನುವುದಕ್ಕಲ್ಲ, ಮರಿ ಮಾಡಿಸುವುದಕ್ಕೆ. ಅಮ್ಮ ಸಾಕಿದ್ದ ಬೂದು ಕೋಳಿಗಳ ಸಂತಾನ ಅವು. ಅಮ್ಮ ಹೋದ ಮೇಲೆ ನಾವಿಬ್ಬರೂ ಆ ಕೋಳಿಗಳನ್ನು ಮೂರು ಮೂರು ಹಂಚಿಕೊಂಡಿದ್ದೆವು. ನನ್ನ ಪಾಲಿನವು ಒಂದು ಬೇಸಿಗೆಯಲ್ಲಿ ನೀರಿಲ್ಲದೆ ಸತ್ತವು; ಗೂಡಿಗೆ ಬೀಗ ಹಾಕಿ ಹೋಗಿ, ಹೇಳಿದ ದಿನಕ್ಕೆ ವಾಪಸ್ ಬರದವನು ನಾನೇ. "ಅಂಗಡಿ ತುಂಬಾ ಗಡಿಯಾರ ಇಟ್ಕೊಂಡಿದ್ದೀಯ, ಅಮ್ಮನ ಕೋಳಿಗೆ ನೀರಿಡೋಕೆ ನಿಂಗೆ ಟೈಮಿಲ್ಲ" ಎಂದು ಹೋದ ಅಕ್ಕ ಆರು ವರ್ಷ ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟಿದ್ದಳು: "ತಿಂಗಳ ಕೊನೇ ಭಾನುವಾರ ಬರ್ತೀನಿ. ಒಂದು ಮರಿಯಾದ್ರೂ ಇದ್ರೆ ಒಳಗೆ ಬರ್ತೀನಿ. ಇಲ್ದಿದ್ರೆ ಬಾಗಿಲಿಂದಲೇ ವಾಪಸ್."

ಮೊಟ್ಟೆ ಒಡೆದು ಮರಿ ಬರಲು ಇಪ್ಪತ್ತೊಂದು ದಿನ ಬೇಕು. ಪಾರ್ಸೆಲ್ ತಮ್ಮ ಕಚೇರಿ ತಲುಪಿದ್ದು ಶನಿವಾರ. ಅಂದೇ ಕಾವಿಗಿಟ್ಟಿದ್ದರೆ ಅಕ್ಕ ಬರುವ ಹಿಂದಿನ ದಿನ ಮರಿಗಳು ಸಿದ್ಧ. ಆದರೆ ತಮ್ಮ ಬಟವಾಡೆಯವರು ಅಂದು ನನ್ನ ಅಂಗಡಿಗೆ ಬಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೇ ಕೂತಿದ್ದ ನನಗೆ ತೊಂದರೆ ಕೊಡಬಾರದೆಂಬ ಸೌಜನ್ಯದಿಂದ, "ಬಾಗಿಲು ಹಾಕಿತ್ತು" ಎಂಬ ಚೀಟಿಯನ್ನು ತೆರೆದ ಬಾಗಿಲಿಗೇ ಸಿಕ್ಕಿಸಿ ಹೋದರು. ಭಾನುವಾರ ರಜೆ. ಸೋಮವಾರ ನಾನೇ ಕಚೇರಿಗೆ ಬಂದರೆ, ಕೌಂಟರಿನವರು, ಬಟವಾಡೆಯವರು ಸಹಿ ಹಾಕುವ ತನಕ ಕೊಡುವ ಹಾಗಿಲ್ಲ ಎಂದರು. ಬಟವಾಡೆಯವರು ನನ್ನ ಅಂಗಡಿ ತೆರೆದಿದೆಯೇ ಎಂದು ನೋಡಲು ಹೋಗಿದ್ದರಂತೆ. ಮಂಗಳವಾರ ಪೆಟ್ಟಿಗೆ ಕೈಸೇರಿತು. ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲಿನಲ್ಲಿ ಇಟ್ಟಿದ್ದರೇನೋ ಎಂದುಕೊಂಡೆ.

ಪೆಟ್ಟಿಗೆಯ ಮೇಲಿನ "ಒಡೆಯುವ ವಸ್ತು, ಜೋಪಾನ" ಎಂಬ ಅಕ್ಷರ ಮಾಸಿದ್ದರಿಂದ, ತಮ್ಮ ಸಿಬ್ಬಂದಿ ಅದೇ ಮುದ್ರೆಯನ್ನು ಹೊಸದಾಗಿ ಮೂರು ಕಡೆ ಒತ್ತಿದ್ದರು. ಒತ್ತಿದ್ದರು ಎಂಬುದು ನನ್ನ ಸಂಕೋಚದ ಮಾತು. ಒಳಗೆ ಸರಿಯಾಗಿ ಮೂರು ಮುದ್ರೆಗಳ ಕೆಳಗೆ ಮೂರು ಮೊಟ್ಟೆಗಳು ಒಡೆದಿದ್ದವು. ಇಂಥ ಗುರಿ ನನಗಿದ್ದಿದ್ದರೆ ನಾನು ಕೈಗಡಿಯಾರದ ಮುಳ್ಳುಗಳ ಜೊತೆ ಇಷ್ಟು ಒದ್ದಾಡುತ್ತಿರಲಿಲ್ಲ.

ಉಳಿದ ಒಂಬತ್ತನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಬಲ್ಬಿನ ಕೆಳಗಿಟ್ಟೆ. ಅಂಗಡಿಯ ಅಲಾರಂಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಇಟ್ಟು, ಮೊಟ್ಟೆಗಳನ್ನು ದಿನಕ್ಕೆ ಐದು ಸಲ ಹೊರಳಿಸಿದೆ. ತೇವಕ್ಕೆಂದು ಇಟ್ಟ ನೀರಿನ ಬಟ್ಟಲನ್ನು ಒಮ್ಮೆಯೂ ಒಣಗಲು ಬಿಡಲಿಲ್ಲ. ವಾರದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಎಂಟು ಖಾಲಿ, ಒಂದರಲ್ಲಿ ಮಾತ್ರ ಕೆಂಪು ಎಳೆಗಳು. ಲೆಕ್ಕದ ಪ್ರಕಾರ ಆ ಒಂದೂ ಒಡೆಯುವುದು ಅಕ್ಕ ಬಂದು ಹೋದ ಎರಡು ದಿನಕ್ಕೆ. ತಡವಾಯಿತು ಎಂದು ಅವಳಿಗೆ ಹೇಳಿಕಳಿಸಬಹುದಿತ್ತು. ಆದರೆ ಆರು ವರ್ಷದ ಹಿಂದೆಯೂ ನಾನು ಹೇಳಿದ್ದು ಅದನ್ನೇ. ನಾಚಿಕೆಯಾಗಿ ಸುಮ್ಮನಿದ್ದೆ.

ಇಂದು ಶನಿವಾರ, ಕಾವಿಗಿಟ್ಟ ಹದಿನೆಂಟನೇ ದಿನ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಡಬ್ಬಿಯಿಂದ ಚಿಂವ್ ಎಂದಿತು; ನೋಡಿದರೆ ಚಿಪ್ಪು ಒಡೆದು ಮರಿ ಹೊರಬಂದಿತ್ತು. ಮೂರು ದಿನ ಮುಂದೆ ಓಡುವ ಮೊಟ್ಟೆಯನ್ನು ನಾನು ಕಂಡಿರಲಿಲ್ಲವಾದ್ದರಿಂದ ನೇರ ತಮ್ಮ ಕಚೇರಿಗೆ ಓಡಿ ಬಂದೆ. ಕೌಂಟರಿನ ಅಮ್ಮನವರು ತಲೆಯೆತ್ತದೆ ಹೇಳಿದರು: "ನಿಮ್ಮ ಪೆಟ್ಟಿಗೆ ಮೂರು ದಿನ ಕಂಪ್ಯೂಟರಿನ ಆ ಯುಪಿಎಸ್ ಮೇಲೇ ಇತ್ತಲ್ಲ ಸಾರ್. ನಮ್ಮ ಊಟದ ಡಬ್ಬಿ ಬೆಚ್ಚಗಿಡೋದೂ ಅಲ್ಲೇ."

ಸಾಹೇಬರೇ, ದೂರು ಬರೆಯಬೇಕೆಂದಿದ್ದವನು ಈ ವಿನಂತಿ ಬರೆಯಲು ಕೂತೆ. ಯಾವ ಕೋಳಿಯೂ ಹೀಗೆ ಮೂರು ದಿನ ಜಾಗ ಬಿಟ್ಟು ಅಲುಗಾಡದೆ ಕೂರಲಾರದು. ತಮ್ಮ ಕಚೇರಿ ಕೂತಿತು. ಆದ್ದರಿಂದ ಆ ಯುಪಿಎಸ್‌ಗೆ ಪೂರ್ಣ ಹೆರಿಗೆ ರಜೆ ಮಂಜೂರು ಮಾಡಬೇಕಾಗಿಯೂ, ಮರಿಯ ಜನ್ಮದಿನಾಂಕವನ್ನು ತಮ್ಮ ಮುದ್ರೆಯಲ್ಲೇ, ಆದರೆ ದಯವಿಟ್ಟು ಮರಿಯ ಮೇಲಲ್ಲದೆ ಕಾಗದದ ಮೇಲೆ, ಒತ್ತಿಕೊಡಬೇಕಾಗಿಯೂ, ಕಾಳು ಕುಕ್ಕುವುದನ್ನು ಕಲಿಸಲು ಅನುಭವಸ್ಥ ಗುಮಾಸ್ತರೊಬ್ಬರನ್ನು ಕಳಿಸಬೇಕಾಗಿಯೂ ವಿನಂತಿ. ಕೊನೆಯದಾಗಿ, ಮೊದಲ ಮೂರು ದಿನ ಕಾವು ಕೊಟ್ಟವರು ಯಾರು ಎಂಬ ಸಂಗತಿ ನನ್ನ ಅಕ್ಕನ ಕಿವಿಗೆ ಬೀಳದಂತೆ ನೋಡಿಕೊಳ್ಳಬೇಕು. ಈ ಸಲವಾದರೂ ನಾನೇ ನೋಡಿಕೊಂಡೆ ಎಂದು ಅವಳೆದುರು ಹೇಳುವ ಆಸೆ ನನಗಿದೆ.

ತಮ್ಮ ವಿಶ್ವಾಸಿ,
ತಮ್ಮ ದಾಖಲೆಯ ಪ್ರಕಾರ ಸದಾ ಬಾಗಿಲು ಹಾಕಿರುವ
ಗಡಿಯಾರದ ಅಂಗಡಿಯವನು

ತಾ.ಕ.: ಬರೆದು ಮುಗಿಸಿ ಮತ್ತೊಮ್ಮೆ ಓದಿದೆ. ಸುಳ್ಳು ಹೇಳಿ ಅಕ್ಕನನ್ನು ಒಳಗೆ ಕರೆಯಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ; ಹಾಕಿದರೆ ಅದೂ ಮರಿಯಾದೀತೆಂಬ ಭಯ. ತಮ್ಮವರು ಚೀಟಿ ಸಿಕ್ಕಿಸಿದ್ದ ಜಾಗದಲ್ಲೇ, ನನ್ನ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ನಾಳೆ ಅವಳು ಮೊದಲು ಇದನ್ನು ಓದಲಿ, ಆಮೇಲೆ ಮರಿಯನ್ನು ನೋಡಲಿ. ತಮ್ಮ ಬಟವಾಡೆಯವರು ಏನೇ ಬರೆದುಕೊಳ್ಳಲಿ, ಬಾಗಿಲು ತೆರೆದೇ ಇರುತ್ತದೆ.