ಕಲ್ಯಾಣ ಮಂಟಪದ ಗೋಡೆಯ ಮೇಲೆ ಮಾಂಸಾಹಾರಿ

ನಲವತ್ತು ದಾಟಿದವರಿಗೆ ಬರುವ ಕಾಯಿಲೆಗಳಲ್ಲಿ ರಕ್ತದೊತ್ತಡಕ್ಕೆ ಗುಳಿಗೆ ಇದೆ, ಸಕ್ಕರೆಗೆ ಪಥ್ಯ ಇದೆ. ಊರು ಉದ್ಧಾರ ಮಾಡಬೇಕೆಂಬ ಕಾಯಿಲೆಗೆ ಮಾತ್ರ ಯಾವ ವೈದ್ಯರ ಹತ್ತಿರವೂ ಮದ್ದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅದು ನನಗೆ ಬಂತು. ಆಗ ನಾನು ಸಿದ್ದಾಪುರದ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತ. ಶಿರಸಿಯಿಂದ ದಿನಾ ಸ್ಕೂಟರಿನಲ್ಲಿ ಓಡಾಟ. ಒಂದು ಬೆಳಿಗ್ಗೆ ಕಾನಸೂರಿನ ಹತ್ತಿರ ಸ್ಕೂಟರು ಮುಷ್ಕರ ಹೂಡಿತು. ಕೈಯ ಮಸಿ ತೊಳೆಯಲು ಪಕ್ಕದ ಕಲ್ಯಾಣ ಮಂಟಪದ ಹಿಂದೆ ಹೋದರೆ, ಅಲ್ಲಿಯ ಜೌಗು ನೆಲದ ತುಂಬ ಎಂಟಾಣೆ ನಾಣ್ಯದಗಲದ ಕೆಂಪು ಗಿಡಗಳು! ಎಲೆಯ ಒಂದೊಂದು ಕೂದಲಿನ ತುದಿಯಲ್ಲೂ ಒಂದು ಹನಿ ಅಂಟು. ನೋಡುತ್ತಿದ್ದಂತೆ ಸೊಳ್ಳೆಯೊಂದು ಬಂದು ಕೂತಿತು. ಕೂತದ್ದು ಏಳಲಿಲ್ಲ. ಎಲೆ ಮೆಲ್ಲಗೆ ಮಡಚಿಕೊಂಡಿತು. ಅರ್ಧ ಆಯುಷ್ಯವನ್ನು ಸೊಳ್ಳೆಪರದೆಯೊಳಗೆ ಕಳೆದ ನನಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೇ? ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಅವತ್ತು ಕಚೇರಿಗೆ ಚಕ್ಕರ್.

ಮಂಟಪದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು ಸುಬ್ರಾಯ ಭಾವ, ನನಗೆ ದೂರದ ನೆಂಟ. "ಎಂತ ಹುಡುಕ್ತಾ ಇದ್ದೆ ಭಾವ?" ಎಂದು ಬಂದ. ಗಿಡ ತೋರಿಸಿದೆ. "ಓ, ಆ ಹೊಂಡಕ್ಕೆ ಬಪ್ಪ ವಾರ ಮಣ್ಣು ಹಾಕ್ಸ್ತ್ಯ. ದಿಬ್ಬಣದ ಗಾಡಿ ನಿಲ್ಸಲೆ ಜಾಗ ಇಲ್ಲೆ" ಎಂದ. ಇಂಥ ಗಿಡ ನಮ್ಮೂರಿನಲ್ಲಿದೆಯೆಂದು ಜನರಿಗೆ ಗೊತ್ತಾದರೆ ತಾನೇ ಉಳಿಸುವುದು? ಮಂಟಪದ ರಸ್ತೆ ಕಡೆಯ ಗೋಡೆಯ ಮೇಲೆ ಇದರ ದೊಡ್ಡ ಚಿತ್ರ ಬರೆಸುತ್ತೇನೆ, ಖರ್ಚು ನನ್ನದು, ಗಿಡ ಇರುವ ತನಕ ಮಣ್ಣು ಹಾಕಬೇಡ ಮಾರಾಯ ಎಂದು ಅಂಗಲಾಚಿದೆ. ಪುಕ್ಕಟೆ ಬಣ್ಣ ಎಂದದ್ದೇ ಭಾವ ಒಪ್ಪಿದ.

ಚಿತ್ರ ಬರೆಯುವವನು ಸಿಕ್ಕಿದ್ದು ಕಿರವತ್ತಿಯಲ್ಲಿ. ಹೆದ್ದಾರಿಯ ಧಾಬಾಗಳ ಗೋಡೆಯ ಮೇಲೆ ತಂದೂರಿ ಕೋಳಿ ಬರೆದು ಬರೆದು ಪಳಗಿದ ಕೈ. "ಮಾಂಸ ತಿನ್ನೋ ಗಿಡ ಅಂತೀರಿ, ಹಲ್ಲ ಇಲ್ಲಂದ್ರ ಹೆಂಗ್ರಿ ಸರ?" ಎಂದು ಕೇಳಿದ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಗಿಡಕ್ಕೆ ಎರಡು ಕೋರೆಹಲ್ಲು ಮೂಡಿದ್ದವು. ಅಳಿಸಲು ಅವನಿಗೆ ಬಹಳ ಬೇಜಾರಾಯಿತು. ಅಂತೂ ಆನೆಯೆತ್ತರದ ಗಿಡ ಚೆಂದವೇ ಬಂತು. ಅಂಟಿಗೆ ಸಿಕ್ಕಿಬಿದ್ದ ನೊಣ ಮಾತ್ರ, ಅಭ್ಯಾಸಬಲ ನೋಡಿ, ತುಸು ಹುರಿದಂತೆ ಕಾಣುತ್ತಿತ್ತು. ಕೆಳಗೆ 'ನಮ್ಮೂರಿನ ಹೆಮ್ಮೆ, ಮಾಂಸಾಹಾರಿ ಗಿಡ. ಜೌಗು ನೆಲ ಉಳಿಸಿ' ಎಂದು ಬರೆಸಿದೆ. ಮೇಲ್ಗಡೆ ಮೊದಲಿನಿಂದ ಇದ್ದ 'ಶುಭ ವಿವಾಹ' ಹಾಗೇ ಉಳಿಯಿತು.

ವಾರದೊಳಗೆ ಭಾವ ಏದುಸಿರು ಬಿಡುತ್ತ ನನ್ನ ಮನೆಗೆ ಬಂದ. "ಮಾರಾಯಾ, ಮದುವೆ ಮಾಣಿ ಕಡೆಯವು ಹಾಲ್ ನೋಡಲೆ ಬಂದು ಗೋಡೆ ನೋಡಿ ವಾಪಸ್ ಹೋದ! ಒಂದೋ ನಿನ್ನ ಗಿಡ ಶಾಕಾಹಾರಿ ಆಗವು, ಇಲ್ದಿದ್ರೆ ಆನು ಸುಣ್ಣ ಬಳಿಸ್ತೆ." ಗಿಡ ಯುಗಯುಗಾಂತರದಿಂದ ಕಷ್ಟಪಟ್ಟು ಕಲಿತ ಆಹಾರಪದ್ಧತಿಯನ್ನು ನಾವಿಬ್ಬರು ಒಂದು ಲೋಟ ಚಹಾ ಮುಗಿಯುವುದರೊಳಗೆ ಬದಲಾಯಿಸಿದೆವು. ನೊಣದ ಜಾಗದಲ್ಲಿ ದಾಸವಾಳ ಬಂತು. 'ಮಾಂಸಾಹಾರಿ' ಅಳಿಸಿದಲ್ಲಿ ಏನು ಬರೆಯುವುದು? "ಔಷಧಿ ಗಿಡ ಹೇಳಿ ಬರೆಸು. ಯಾರೂ ತಕರಾರು ಮಾಡ್ತ್ವಿಲ್ಲೆ" ಎಂದ ಭಾವ. ಎಲಾ ಇವನ ಬುದ್ಧಿಯೇ ಎಂದು ಬೆನ್ನು ತಟ್ಟಿದೆ.

ಪರಿಣಾಮ ನೋಡಬೇಕಿತ್ತು! ಜನ ಬಸ್ಸಿನ ಕಿಟಕಿಯಿಂದ ಕತ್ತು ಹೊರಹಾಕಿ ಓದತೊಡಗಿದರು. ಬಿಳಗಿ ಕಡೆಯ ಅಜ್ಜಿಯೊಬ್ಬರು ಗೋಡೆಯೆದುರು ನಿಂತು, "ತಮಾ, ಇದು ಎಂತಕ್ಕೆ ಚೊಲೋದು?" ಎಂದರು. "ಎಲ್ಲದಕ್ಕೂ ಅಜ್ಜಿ!" ಎಂದೆ, ಉತ್ಸಾಹದಲ್ಲಿ. ಚಿತ್ರ ನೋಡುವವರನ್ನು ನೋಡುವುದರಲ್ಲೇ ನಾನು ಎಷ್ಟು ಮುಳುಗಿದ್ದೆನೆಂದರೆ, ಗೋಡೆಯ ಹಿಂದಕ್ಕೆ ಹೋಗಿ ಗಿಡ ನೋಡಲು ಪುರಸೊತ್ತೇ ಆಗಲಿಲ್ಲ.

ಮಾಘದಲ್ಲಿ ಅದೇ ಮಂಟಪದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ತಂಬುಳಿ ಬಂತು. ಸೊಪ್ಪು ರುಬ್ಬಿ ಮಜ್ಜಿಗೆಗೆ ಬೆರೆಸಿದ ಈ ಪದಾರ್ಥ ಕಂಡರೆ ನನಗೆ ಜೀವ. ಸಣ್ಣ ಒಗರು, ಜೀರಿಗೆಯ ಘಮ, ಆಹಾ! ಎರಡು ಸಲ ಅನ್ನಕ್ಕೆ ಹಾಕಿಸಿಕೊಂಡು, ಮೂರನೆಯ ಸಲ ಕೈಯೊಡ್ಡಿ ಸೊರ ಸೊರ ಕುಡಿದೆ. "ಎಂತರ ತಂಬ್ಳಿ ಭಾವ ಇದು?" ಎಂದು ಬಡಿಸುತ್ತಿದ್ದ ಸುಬ್ರಾಯ ಭಾವನನ್ನು ಕೇಳಿದೆ.

"ನಿನ್ನ ಗಿಡದ್ದೇಯ! ಔಷಧಿ ಹೇಳಿ ಗೊತ್ತಾದ ಮೇಲೆ ಊರ ಹೆಂಗಸ್ರು ಬಿಡ್ತ್ವಾ? ಎಲ್ಲರ ಮನೇಲೂ ಇದೇಯ."

ಎಂಜಲು ಕೈಯಲ್ಲೇ ಹಿಂದಕ್ಕೆ ಓಡಿದೆ. ಜೌಗಿನ ತುಂಬ ಹೆಜ್ಜೆ ಗುರುತುಗಳು. ಹುಡುಕಿದರೂ ಒಂದು ಕೆಂಪು ಚುಕ್ಕೆ ಕಾಣಲಿಲ್ಲ. ಅಳುವೇ ಬಂತು. ತಂಬುಳಿಯ ಬಕೆಟ್ಟು ಹಿಡಿದುಕೊಂಡೇ ನನ್ನ ಹಿಂದೆ ಬಂದ ಭಾವ ಒಂದು ಸಲ ನೆಲ ನೋಡಿದ, ಒಂದು ಸಲ ನನ್ನ ಮುಖ ನೋಡಿದ.

"ಇನ್ನು ಇಲ್ಲಿ ಉಳಿಸಲೆ ಎಂತದೂ ಇಲ್ಲೆ ಅಲ್ದಾ. ನಾಳೆ ಮಣ್ಣು ಹಾಕ್ಸಲಕ್ಕಾ?" ಎಂದ ಮೆತ್ತಗೆ.

ಸಿಟ್ಟು ನೆತ್ತಿಗೇರಿತು. ಊರಿಗೆ ಊರೇ ಕೇಳುವ ಹಾಗೆ ಬೈಯಬೇಕೆಂದು ಬಾಯಿ ತೆರೆದೆ. ಬಂದದ್ದು ಒಂದು ದೊಡ್ಡ ತೇಗು.