ರಜೆ ಹುಡುಕಿಕೊಟ್ಟ ಪ್ರೋಗ್ರಾಂ

ನಾನು ಗದಗಿಗೆ ಅಂಟಿಕೊಂಡ ಬೆಟಗೇರಿಯ ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ಹೆಂಡತಿ ಸಾವಿತ್ರಿ ಮುಂಡರಗಿಯ ಆಸ್ಪತ್ರೆಯೊಂದರಲ್ಲಿ ನರ್ಸು; ಅಲ್ಲಿಯೇ ಕೋಣೆ ಮಾಡಿಕೊಂಡಿದ್ದಾಳೆ. ಇಬ್ಬರ ರಜೆ ಒಂದೇ ದಿನ ಬೀಳುವುದು ತಿಂಗಳಿಗೊಮ್ಮೆ. ಆ ದಿನ ಯಾವುದೆಂದು ನಾನು ದಿನಾ ಫೋನಿನಲ್ಲಿ ಕೇಳುತ್ತಿದ್ದೆ. ಕೊನೆಗೆ ಅವಳು ತನ್ನ ರಜಾ ಪಟ್ಟಿಯನ್ನೇ ಮೊಬೈಲಿಗೆ ಕಳಿಸಿ, "ಇದರಾಗ ನೋಡ್ಕೋರಿ. ಇನ್ನ ಕೇಳಬ್ಯಾಡ್ರಿ" ಎಂದಳು.

ಕಣ್ಣಿನಿಂದ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಆಗಷ್ಟೇ ಪೈಥಾನ್ ಕಲಿತಿದ್ದೆ! ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಬಲ್ಲವನು ಪಟ್ಟಿಯ ಮೇಲೆ ಬೆರಳಾಡಿಸುವುದು ಶೋಭೆಯೇ? ಕಾಲೇಜಿಗೆ ರಜೆಯಿದ್ದ ಒಂದು ಬೆಳಿಗ್ಗೆ, ಇಬ್ಬರ ರಜೆಯನ್ನು ಹೋಲಿಸುವ ಪ್ರೋಗ್ರಾಂ ಬರೆದೆ.

ಓಡಿಸಿದರೆ ಪರದೆಯ ತುಂಬ ಒಂದೇ ಎಚ್ಚರಿಕೆ: ದಿನ ಮೊದಲೋ, ತಿಂಗಳು ಮೊದಲೋ, ಸರಿಯಾಗಿ ಹೇಳು. ಸಾಲುಸಾಲಿಗೂ ಅದೇ ರಾಗ. ಒಮ್ಮೆ ಮಾತ್ರ ತೋರಿಸೆಂದು ಆಜ್ಞಾಪಿಸಿದೆ. ಆ ಒಂದೂ ಕಣ್ಣಿಗೆ ಚುಚ್ಚಿತು. ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಇನ್ನೊಂದು ಸಾಲು ಸೇರಿಸಿದೆ. ಪರದೆ ಸ್ವಚ್ಛವಾಗಿ, ಉತ್ತರ ಬಂತು: ಆಗಸ್ಟ್ ಒಂಬತ್ತು. ಇನ್ನು ನಾಲ್ಕೇ ದಿನ! ಅವಳ ಮುಖ ನೋಡಿ ತಿಂಗಳ ಮೇಲಾಗಿತ್ತು.

ಒಂಬತ್ತರಂದು ಮಲ್ಲಿಗೆ ಹೂವು, ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮುಂಡರಗಿ ಬಸ್ಸು ಹತ್ತಿದೆ. ಕೋಣೆಗೆ ಬೀಗ. ಆಸ್ಪತ್ರೆಗೆ ಹೋದರೆ ಸಾವಿತ್ರಿ ಯಾರಿಗೋ ಸೂಜಿ ಚುಚ್ಚಿ ಹೊರಗೆ ಬರುತ್ತಿದ್ದಳು.

"ಇವತ್ತ ಯಾಕ ಬಂದ್ರಿ? ನನಗ ಡ್ಯೂಟಿ ಐತಿ."

"ನಿನಗ ರಜಾ ಅಲ್ಲೇನ? ಪ್ರೋಗ್ರಾಂ ಹಂಗ ಹೇಳೈತಿ."

ಅವಳು ನನ್ನ ಮೊಬೈಲಿನಲ್ಲೇ ಪಟ್ಟಿ ತೆಗೆದು ತೋರಿಸಿದಳು. 08/09. "ಇದು ಸೆಪ್ಟೆಂಬರ್ ಎಂಟು. ಈ ತಿಂಗಳ ಇಬ್ಬರಿಗೂ ರಜಾ ಬಿದ್ದದ್ದು ಮ್ಯಾಲ ಐತಿ ನೋಡ್ರಿ, 05/08, ಆಗಸ್ಟ್ ಐದು. ಅದು ಆಗಿ ಹೋತು."

ತಿಂಗಳೇ ಮೊದಲೆಂದುಕೊಂಡ ನನ್ನ ಪ್ರೋಗ್ರಾಂ ಆಗಸ್ಟ್ ಐದನ್ನು ಮೇ ಎಂಟು ಎಂದು ಓದಿ, ಮುಗಿದ ದಿನವೆಂದು ಬಿಟ್ಟಿತ್ತು. ಆ ಐದರಂದು ನಾನು ಎಲ್ಲಿದ್ದೆ? ಮನೆಯಲ್ಲಿ ಕುಳಿತು ಎಚ್ಚರಿಕೆಗಳ ಬಾಯಿ ಮುಚ್ಚಿಸುತ್ತಿದ್ದೆ.

"ಅವತ್ತ ನಿಮ್ಮ ಪಾಲಿನ ರೊಟ್ಟೀನೂ ಬಡದಿದ್ದೆ. ಸಂಜೀತನಕ ಕಾಯ್ದೆ."

"ಒಂದ ಫೋನ್ ಮಾಡಬಾರದಾಗಿತ್ತ?"

"ಒಂದ್ ಸಲನಾರ ನಾ ಹೇಳಲಾರದ ಬರಲಿ ಅಂತ ಆಸೆ ಇತ್ತರಿ" ಎಂದು ಹೂವು ಇಸಿದುಕೊಂಡು ಒಳಗೆ ಹೋದಳು.

ಮಿರ್ಚಿಯನ್ನು ಹೊರಗಿನ ಬೆಂಚಿನ ಮೇಲೆ ಒಬ್ಬನೇ ತಿಂದೆ. ಮರಳುವ ಬಸ್ಸಿನಲ್ಲಿ, ಕಾಲೇಜಿಗೂ ರಜೆಯಿರುವ ಸೆಪ್ಟೆಂಬರ್ ಎಂಟಕ್ಕೆ ಎಷ್ಟು ದಿನವೆಂದು ಲೆಕ್ಕ ಹಾಕಿದೆ. ಗಣಿತದ ಮೇಷ್ಟ್ರು, ಬೆರಳು ಮಡಚಿ! ಗದಗ ಬರುವಷ್ಟರಲ್ಲಿ ಮೂರು ಸಲ ಎಣಿಸಿದೆ. ಮೂರು ಸಲವೂ ಮೂವತ್ತೇ ಬಂತು.